ವಿಭೂತಿ ಹಚ್ಚಿದ ಸೂರ್ಯ

ಇಪ್ಪತ್ತೆರಡು.

ರೋಹಿಣಿ ಸ್ಟೀಲಿನ ತಾಟಿನಲ್ಲಿ ಕ್ಯಾಪ್ಸೂಲ್‌ಗಳನ್ನು ಎರಡೆರಡಾಗಿ ಸರಿಸಿ ಮತ್ತೊಮ್ಮೆ ಎಣಿಸಿದಳು. ಮತ್ತೆ ಇಪ್ಪತ್ತೆರಡು. ಮೂರನೆಯ ಸಲಕ್ಕೆ ಕೈ ಹೋಯಿತು. ಮೊರಬದ ತನ್ನ ಮನೆಯ ಗೋಡೆಗೆ ಆತು ನಿಂತಿದ್ದ ಮಂಜುಳಾ ಅದನ್ನು ನೋಡಿ ಮುಖ ತಿರುಗಿಸಿದಳು.

"ಎಣಸ್ರಿ, ಎಣಸ್ರಿ. ಒಂದ ಹೆಚ್ಚಾದ್ರೂ ನಾನ ಕಳ್ಳಿ, ಒಂದ ಕಮ್ಮಿ ಆದ್ರೂ ನಾನ ಕಳ್ಳಿ."

ರೋಹಿಣಿ ಕೈ ಹಿಂದಕ್ಕೆಳೆದುಕೊಂಡಳು.

ಲೆಕ್ಕ ಸರಿಯಾಗಿತ್ತು. ಮೂವತ್ತು ದಿನಕ್ಕೆಂದು ಕೊಟ್ಟದ್ದು ಅರವತ್ತು. ಹತ್ತೊಂಬತ್ತನೆಯ ದಿನ ರಾತ್ರಿ ಮಗು ಆಸ್ಪತ್ರೆ ಸೇರಿತ್ತು. ಬೆಳಿಗ್ಗೆ ಒಂದು, ಸಂಜೆ ಒಂದು. ಉಳಿಯಬೇಕಾದದ್ದು ಇಪ್ಪತ್ತೆರಡೇ. ಗೋಡೆಗೆ ಅಂಟಿಸಿದ ಹಾಳೆಯಲ್ಲೂ ಮೂವತ್ತೆಂಟು ಗೀಟುಗಳು, ಒಂದೂ ತಪ್ಪಿಲ್ಲ.

ಹಾಗಾದರೆ ಆರು ದಿನಗಳ ಹಿಂದೆ ಏಳು ವರ್ಷದ ಕೃಷ್ಣಾಳ ರಕ್ತದಲ್ಲಿ, ಹೊಸ ಕಿಡ್ನಿ ಕಾಯುವ ಆ ಔಷಧ ತಳ ಕಂಡಿದ್ದೇಕೆ?

ಆ ಒಂದು ಪ್ರಶ್ನೆಗೆ ಆಸ್ಪತ್ರೆಯ ಕಿಡ್ನಿ ಕಸಿ ತಂಡ ಹತ್ತು ನಿಮಿಷದಲ್ಲಿ ಉತ್ತರ ಕೊಟ್ಟಿತ್ತು: ತಾಯಿ ಔಷಧ ಕೊಟ್ಟಿಲ್ಲ. ತನ್ನ ಹೊಟ್ಟೆ ಕೊಯ್ಸಿಕೊಂಡು ಮಗಳಿಗೆ ಕಿಡ್ನಿ ಕೊಟ್ಟ ಮಂಜುಳಾಳನ್ನು ವಾರ್ಡಿನಿಂದ ಹೊರಗೆ ಕಳಿಸಿ, ಮಗುವಿನ ಹತ್ತಿರ ಅಜ್ಜಿ ಮೈಲಾರವ್ವಳನ್ನು ಕೂರಿಸಿದ್ದರು. ನಾಳೆ ಹನ್ನೊಂದು ಗಂಟೆಗೆ ಮತ್ತೆ ಸಭೆ. ಅಲ್ಲಿ ಇದೇ ಮಾತು ನಿಂತರೆ ಕಾಗದ ಮಕ್ಕಳ ಕಲ್ಯಾಣ ಸಮಿತಿಗೆ ಹೋಗುತ್ತದೆ. ಕೃಷ್ಣಾ ಗುಣವಾದ ಮೇಲೂ ತಾಯಿಯ ಕೈಗೆ ಬರುವುದು ಅನುಮಾನ.

ರೋಹಿಣಿ ಹುಬ್ಬಳ್ಳಿಯ ಆ ಆಸ್ಪತ್ರೆಯಲ್ಲಿ ಮಕ್ಕಳ ಕಸಿ ತಂಡದ ಫಾರ್ಮಸಿಸ್ಟ್. ಬರೀ ಗುಳಿಗೆ ಎಣಿಸಿ ಕೊಡುವ ಕೆಲಸವಲ್ಲ ಅದು. ಯಾವ ಔಷಧ ಯಾವುದರ ಜೊತೆ ಹೊಂದುತ್ತದೆ, ಯಾವುದು ಯಾವುದನ್ನು ಕೆಡಿಸುತ್ತದೆ ಎಂದು ನೋಡಿ ಡಾಕ್ಟರಿಗೆ ಹೇಳಬೇಕು. ಮನೆಯವರಿಗೆ ತಿಳಿಯುವಂತೆ ಕಲಿಸಬೇಕು. ಮಂಜುಳಾಳಿಗೆ ಕಲಿಸಿದವಳೂ ಅವಳೇ. ಆದ್ದರಿಂದಲೇ ಆರು ದಿನದಿಂದ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ತಪ್ಪು ತನ್ನ ಕಲಿಸುವಿಕೆಯಲ್ಲೇ ಇದ್ದರೆ? ಬಾಟಲಿಗೆ ಹಚ್ಚಿದ ಲೇಬಲ್ಲಿನಲ್ಲಿ? ಒಂದು ಸೊನ್ನೆಯಲ್ಲಿ?

ಲೇಬಲ್ಲನ್ನು ಬಿಸಿಲಿಗೆ ಹಿಡಿದು ಓದಿದಳು. ಸರಿಯಾಗಿತ್ತು. ಆದರೂ ಎದೆ ಹಗುರಾಗಲಿಲ್ಲ.

"ಮನ್ಯಾಗಿನ ಕಾಗದ ಎಲ್ಲಾ ಕೊಡು, ಮಂಜುಳಾ. ಆಸ್ಪತ್ರಿದು ಏನೇನ ಐತಿ ಎಲ್ಲಾ. ನಮ್ಮ ಸರ್ ತರಾಕ ಹೇಳ್ಯಾರ."

"ಯಾವ ಸರ್?"

"ಈರಬಸಪ್ಪ ಸರ್. ನಮ್ಮ ಫಾರ್ಮಸಿಗೆ ದೊಡ್ಡಾವ್ರು."

ಮಂಜುಳಾ ಚಟ್ಟನೆ ತಲೆ ಎತ್ತಿ ಅವಳನ್ನು ನೋಡಿದಳು. ಒಳಗಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದು ರೋಹಿಣಿಯ ಮುಂದೆ ಹಾಕಿದಳು.

ಚೀಲದಲ್ಲಿ ಎಲ್ಲವೂ ತಾರೀಖಿನ ಸಾಲಿನಲ್ಲೇ ಇದ್ದವು. ಎಲ್ಲದರ ಮೇಲೂ ರೋಹಿಣಿಯ ಕೈಯ ಸೂರ್ಯ, ಚಂದ್ರ. ಓದು ಬಾರದವರಿಗೆ ಬೆಳಗಿನ ಗುಳಿಗೆಗೆ ಸೂರ್ಯ, ಸಂಜೆಯದಕ್ಕೆ ಚಂದ್ರ. ಅದನ್ನು ಅವಳಿಗೆ ಕಲಿಸಿದವರು ಈರಬಸಪ್ಪ ಸರ್.

ಸಂಜೆ ಆರರಿಂದ ಒಂಬತ್ತರ ಫಾರ್ಮಸಿ ಕ್ಲಾಸು. ಹಗಲೆಲ್ಲ ಔಷಧದ ಅಂಗಡಿಯಲ್ಲಿ ನಿಂತು ಕಾಲು ಬಾತವರೇ ಅಲ್ಲಿ ಹೆಚ್ಚು. ಸರ್ ಬೋರ್ಡಿನ ಮೇಲೆ ದುಂಡಗೆ ಸೂರ್ಯನನ್ನು ಬರೆದು, ಅವನ ಹಣೆಗೆ ಮೂರು ಅಡ್ಡ ಗೆರೆ ಎಳೆಯುತ್ತಿದ್ದರು. "ಸೂರ್ಯಪ್ಪಗೂ ವಿಭೂತಿ ಇರ್ಲೆಪ್ಪ, ಮುಂಜಾನೆ ಎದ್ದ ಮ್ಯಾಲ ಹಚಗೋಬೇಕಲ್ಲ" ಎಂದರೆ ತೂಕಡಿಸುತ್ತಿದ್ದವರೂ ನಗುತ್ತಿದ್ದರು. ವಾರ್ಡಿನ ಮಕ್ಕಳೂ ಅದಕ್ಕೇ ಅವರನ್ನು ಸೂರ್ಯಪ್ಪ ಸರ್ ಎನ್ನುತ್ತಿದ್ದರು. ರೋಹಿಣಿಗೆ ಮಾತ್ರ ಆ ಗೆರೆ ಎಳೆಯುವ ಧೈರ್ಯ ಎಂದೂ ಬರಲಿಲ್ಲ. ಗುರುವಿನ ಗುರುತು ತನಗೇಕೆ ಎಂದು ಅವಳ ಸೂರ್ಯ ಬರೀ ಹಣೆಯವನಾಗಿಯೇ ಉಳಿದ.

ಇನ್ನೊಂದು ಮಾತನ್ನೂ ಅವರು ಆ ಬೋರ್ಡಿನ ಮುಂದೆ ನಿಂತೇ ಹೇಳಿದ್ದರು. "ತಪ್ಪಾತಂದ್ರ ಅವತ್ತ ಹೇಳ್ರಿ. ನಾಳೆ ಹೇಳ್ತೀನಿ ಅಂತ ಕುಂತ್ರ, ಕೇಳಾಕ ಪೇಷಂಟ್ ಇರಾಂಗಿಲ್ಲ."

ಚೀಲದಲ್ಲಿ ಹೊಸದೇನೂ ಇರಲಿಲ್ಲ. ರೋಹಿಣಿ ಎದ್ದು ಅಂಗಳಕ್ಕೆ ಬಂದಳು.

ಅಂಗಳದ ತುಂಬ ಹೆಸರುಕಾಳು ಹರವಿದ್ದರು. ಅದರ ಆಚೆ ಕಟ್ಟೆಯ ಮೇಲೆ ಮಂಜುಳಾಳ ಮಾವ ತಿರಕಪ್ಪ ಬಾಯಿಗೆ ಟವೆಲು ಕಟ್ಟಿಕೊಂಡು ಕೂತಿದ್ದ. ಯಾರಾದರೂ ಹತ್ತಿರ ಬಂದರೆ ತಾನೇ ಹಿಂದೆ ಸರಿಯುತ್ತಿದ್ದ.

"ದೂರ ನಿಂದರ ಯವ್ವಾ. ನಂಗ ಟಿಬಿ ಐತಿ. ಗುಳಿಗಿ ನಡದಾವು, ತಿಂಗಳ ಮ್ಯಾಲಾತು."

ಕೃಷ್ಣಾಳ ಫೈಲಿನಲ್ಲಿ ಮನೆಯಲ್ಲಿ ಟಿಬಿ ಇದೆ ಎಂಬ ಒಂದು ಅಕ್ಷರವೂ ಇರಲಿಲ್ಲ.

"ಕಾಕಾ, ಇದನ್ನ ಆಸ್ಪತ್ರ್ಯಾಗ ಯಾರಿಗೂ ಹೇಳಿಲ್ಲೇನು?"

"ಸೊಸಿ ಹೇಳೇನಿ ಅಂದ್ಲಪ. ಮತ್ತ ನಮಗೇನ ಗೊತ್ತಾಕ್ಕೈತಿ?"

ಆಗ ಅವಳ ಕಣ್ಣು ಹಗ್ಗದ ಮೇಲೆ ಒಣಗುತ್ತಿದ್ದ ಬಟ್ಟೆಗಳ ಮೇಲೆ ಬಿತ್ತು. ಬಿಳಿಯ ದಿಂಬಿನ ಗವಸು. ಅದರ ಒಂದು ಬದಿಗೆ ಕಿತ್ತಳೆ ಬಣ್ಣದ ಕಲೆ. ಒಗೆದೂ ಒಗೆದೂ ಮಾಸಿದ, ಆದರೆ ಹೋಗದ ಕಲೆ.

"ಇದು ಯಾರ ದಿಂಬು?"

"ಕೃಷ್ಣಾಂದು." ಮಂಜುಳಾ ಹೊಸ್ತಿಲಲ್ಲಿ ನಿಂತೇ ಹೇಳಿದಳು. "ಬಣ್ಣ ಹತ್ತೇತಿ. ಓಕಳಿದು."

"ಹೋಳಿ ಹುಣ್ಣಿವಿ ಮುಗದು ಐದ ತಿಂಗಳಾತಲ್ಲ, ಮಂಜುಳಾ."



ರೋಹಿಣಿ ಗವಸನ್ನು ಹಗ್ಗದಿಂದ ಬಿಡಿಸಿ ಕೈಯಲ್ಲಿ ಹಿಡಿದಳು. ಮಗ್ಗುಲಾಗಿ ಮಲಗಿದ ಮಗುವಿನ ಕಣ್ಣು ಎಲ್ಲಿ ಬರುತ್ತದೋ ಅಲ್ಲೇ ಕಲೆ. "ಕೃಷ್ಣಾ ಅತ್ತಿದ್ಲೇನು?"

"ಸಾಲಿಗೆ ಕಳಸಲಿಲ್ಲಂತ ದಿನಾ ಅಳಾಕಿ. ಮಕ್ಕಳು ಅಳಾಂಗಿಲ್ಲೇನ್ರಿ?"

"ಕಾಕಾ," ರೋಹಿಣಿ ಮುದುಕನ ಕಡೆ ತಿರುಗಿದಳು. ಅವಳ ಧ್ವನಿ ಸಣ್ಣದಾಗಿತ್ತು. "ಟಿಬಿ ಗುಳಿಗಿ ತಗೊಂಡಾಗಿಂದ ನಿಮಗ ಉಚ್ಚಿ ಯಾವ ಬಣ್ಣ ಬರ್ತೈತಿ?"

ತಿರಕಪ್ಪ ನಾಚಿಕೊಂಡು ಟವೆಲನ್ನು ಮೇಲಕ್ಕೆ ಎಳೆದ. "ಇದೇನ ಕೇಳ್ತಿಬೇ ಯವ್ವಾ, ಸೊಸಿ ಮುಂದ... ಕೆಂಪ. ಅಗದಿ ಕೆಂಪ. ಗುಳಿಗಿ ಬಣ್ಣ, ಅಂಜಬ್ಯಾಡ ಅಂತ ಡಾಕ್ಟರು ಹೇಳ್ಯಾರ."

ರಿಫಾಂಪಿಸಿನ್. ಟಿಬಿಯ ಕೆಂಪು ಕ್ಯಾಪ್ಸೂಲ್. ಅದನ್ನು ನುಂಗಿದವರ ಮೂತ್ರ ಕೆಂಪಗೆ, ಬೆವರು ಕೆಂಪಗೆ. ಕಣ್ಣೀರೂ ಅದೇ ಬಣ್ಣ.

ಅದು ಮೈಗೆ ಇಳಿದರೆ ಕಿಡ್ನಿ ಕಾಯುವ ಔಷಧವನ್ನು ಲಿವರ್ ಉಳಿಯಗೊಡುವುದಿಲ್ಲ, ಬಂದಷ್ಟನ್ನೂ ಸುಟ್ಟು ಹಾಕುತ್ತದೆ. ತಾಯಿ ಗಂಟೆ ತಪ್ಪದೆ ಕೊಡುತ್ತಲೇ ಇರುತ್ತಾಳೆ, ರಕ್ತದಲ್ಲಿ ಮಾತ್ರ ಏನೂ ಇರುವುದಿಲ್ಲ.

ರೋಹಿಣಿ ಹೊಸ್ತಿಲ ಹತ್ತಿರ ಬಂದಳು.

"ಕೃಷ್ಣಾಗ ಕೆಂಪ ಗುಳಿಗಿ ಯಾರು ಕೊಟ್ರು, ಮಂಜುಳಾ?"

ಮಂಜುಳಾ ನಕ್ಕಳು. ಅದು ನೋಡಲಾಗದಂಥ ನಗು.

"ಇದನ್ನ ನೀವು ನನ್ನ ಕೇಳ್ತೀರೇನ್ರಿ?"

"ಮತ್ಯಾರನ್ನ ಕೇಳ್ಲಿ?"

"ಕನ್ನಡಿ ಮುಂದ ನಿಂತ ಕೇಳ್ರಿ!"

ಅಷ್ಟು ಹೇಳಿ ಅವಳು ದಡದಡ ಒಳಗೆ ಹೋದಳು. ನಡುಮನೆಯ ತೊಲೆಗೆ ಕೃಷ್ಣಾಳ ತೊಟ್ಟಿಲನ್ನು ಮೇಲೆತ್ತಿ ಕಟ್ಟಿದ್ದರು. ಮಂಜುಳಾಳ ತವರಿನವರು ಕಲಘಟಗಿಯಿಂದ ತಂದ ಬಣ್ಣದ ತೊಟ್ಟಿಲು. ಈಗ ಹಳೆಯ ಕೌದಿ ತುಂಬಿಡಲು ಬಳಕೆ. ಮಂಜುಳಾ ಸ್ಟೂಲು ಹತ್ತಿ ಕೌದಿಗಳ ನಡುವೆ ಕೈ ಹಾಕಿ ಒಂದು ಸಣ್ಣ ಗಂಟು ತೆಗೆದು ಕೆಳಗೆ ಎಸೆದಳು. ಗಂಟು ಬಿಚ್ಚಿ ಕೆಂಪು ಕ್ಯಾಪ್ಸೂಲ್‌ಗಳ ಪಟ್ಟಿ ನೆಲಕ್ಕೆ ಬಿತ್ತು. ಅದರ ಹಿಂದೆ ನಾಲ್ಕು ಮಡಿಕೆ ಮಾಡಿದ ಒಂದು ಚೀಟಿ.

"ಹೊಸ ಗುಳಿಗಿ ಯಾರ ಕೊಟ್ರೂ ಮೊದಲ ನಮ್ಮನ್ನ ಕೇಳು, ಕೇಳದ ಬಾಯಿಗೆ ಹಾಕಬ್ಯಾಡ ಅಂತ ಯಾರ ಹೇಳಿದ್ರು?"

"ನಾನ ಹೇಳಿದ್ದೆ."

"ಕೇಳಿದ್ನೆಲ್ರಿ ಮತ್ತ! ಮನ್ಯಾಗ ಮುದುಕಗ ಟಿಬಿ ಐತಿ, ಕೂಸಿಗೆ ಹತ್ತಬಾರದು ಅಂತ ಸರಕಾರಿ ದವಾಖಾನ್ಯಾಗ ಈ ಗುಳಿಗಿ ಕೊಟ್ರು. ನಾ ಕೊಡಲಿಲ್ಲ. ಕಟಗೊಂಡು ಬಸ್ ಹತ್ತಿ ಹುಬ್ಬಳ್ಳಿಗೆ ಬಂದೆ. ನೀವಿರಲಿಲ್ಲ. ನಿಮ್ಮ ಕಿಟಕ್ಯಾಗ ಕಾಗದ ಕೊಟ್ಟೆ. ಒಳಗಿಂದ ಈ ಚೀಟಿ ಬಂತು. 'ಕೊಡಬಹುದು' ಅಂತ ಐತಿ. ಅಲ್ಲೇ ಒಬ್ಬರ ಕಡೆ ಓದಿಸಿದೆ. ಕೆಳಗ ನಿಮ್ಮ ಸಹಿ ಐತಿ, ಅದನ್ನೂ ಓದಿಸಿದೆ."

ರೋಹಿಣಿ ಬಗ್ಗಿ ಚೀಟಿ ಎತ್ತಿಕೊಂಡಳು. ಬಿಡಿಸಲು ಬೆರಳು ಬರಲಿಲ್ಲ.

ಅವಳಿಗೆ ನೆನಪಾಯಿತು. ಪರೀಕ್ಷೆಗೆಂದು ಎಂಟು ದಿನ ರಜೆ ಹಾಕಿದ್ದಳು. ತನ್ನ ಸಹಿಗಾಗಿ ಯಾವ ಮಗುವಿನ ಮನೆಯವರೂ ಬಸ್ ತಪ್ಪಿಸಿಕೊಂಡು ಕಾಯಬಾರದೆಂದು ಹೋಗುವ ಮುಂಚಿನ ಸಂಜೆ ಇಪ್ಪತ್ತು ಖಾಲಿ ಚೀಟಿಗಳಿಗೆ ಸಹಿ ಮಾಡಿಟ್ಟಿದ್ದಳು. ಮಾಡಬಾರದೆಂದು ಗೊತ್ತಿತ್ತು. ಮೂರು ಸಲ ಪೆನ್ನು ಕೆಳಗಿಟ್ಟಿದ್ದಳು. ನಾಲ್ಕನೆಯ ಸಲ ಮಾಡಿದ್ದಳು. ಒಳ್ಳೆಯದಕ್ಕೇ ಎಂದು ತನಗೆ ತಾನೇ ಹೇಳಿಕೊಂಡು.

"ಇದನ್ನ ಅವತ್ತ ಸಭಾದಾಗ ಯಾಕ ತೋರಸಲಿಲ್ಲ, ಮಂಜುಳಾ? ನಿನ್ನ ಮ್ಯಾಲ ಅಷ್ಟೆಲ್ಲಾ ಬಂತು. ಯಾಕ ಬಾಯಿ ಬಿಡಲಿಲ್ಲ?"

"ನಿಮಗೋಸ್ಕರ!"

ಮಂಜುಳಾ ಸ್ಟೂಲಿನಿಂದ ಇಳಿದಳು.

"ಅವತ್ತು ಹೊರಗ ಬೆಂಚಿನ ಮ್ಯಾಲ ಕುಂತಿದ್ದೆ. ನಿಮ್ಮ ದೊಡ್ಡ ಸರ್ ಬಂದ್ರು. ಬಾಜೂಕ ಕುಂತ್ರು. 'ತಂಗಿ, ಆ ಚೀಟಿ ತೋರಿಸಿದ್ರ ರೋಹಿಣಿ ನೌಕರಿ ಹೋಗ್ತೈತಿ, ಪೋಲೀಸ್ರೂ ಬರ್ತಾರ. ಬಡವರ ಹುಡಿಗಿ, ರಾತ್ರಿ ಸಾಲಿ ಕಲತು ಮ್ಯಾಲ ಬಂದಾಕಿ. ಸುಟ್ಟಬಿಡು, ನಿನ್ನ ಮಗಳನ್ನ ನಾ ನೋಡ್ಕೋತೀನಿ' ಅಂದ್ರು. ನೀವು ನನ್ನ ಕೂಸಿನ ಜ್ವಾಳದ ರೊಟ್ಟಿ ಸೈತ ಅಳತಿ ಮಾಡಿ ಕೊಟ್ಟಾವ್ರು. ಆಪರೇಶನ್ ದಿವಸ ನನ್ನ ಕೈ ಹಿಡಕೊಂಡ ನಿಂತಾವ್ರು. ನಾ ಬಾಯಿ ಮುಚ್ಚಿದೆ. ಗಂಡ ಮಾಳಪ್ಪ ನನ್ನ ಕೂಡ ಮಾತ ಬಿಟ್ಟಾನ. ಅತ್ತಿ ನನ್ನ ಕಡೆ ನೋಡಾಂಗಿಲ್ಲ. ನೀವು ಅವತ್ತು ಸಭಾದಾಗ ಕುಂತಿದ್ರಿ. ಒಂದ ಮಾತ ಆಡಿದ್ರೇನ್ರಿ, ಅಕ್ಕಾರ? ಒಂದ ಮಾತ?"

ಆಡಿರಲಿಲ್ಲ. ರೋಹಿಣಿ ಅವತ್ತು ತನ್ನ ಲೇಬಲ್ಲಿನ ಸೊನ್ನೆಯ ಬಗ್ಗೆ ಯೋಚಿಸುತ್ತ ಮೇಜಿನ ಅಂಚನ್ನೇ ನೋಡುತ್ತ ಕೂತಿದ್ದಳು.

"ನಂಗ ಗೊತ್ತಿರಲಿಲ್ಲ" ಎಂದಳು. ಆ ಮಾತು ಅವಳ ಕಿವಿಗೇ ಕಳ್ಳಮಾತಿನಂತೆ ಕೇಳಿಸಿತು.

ಆ ನಡುವೆಯೂ ಅವಳೊಳಗೆ ಒಂದು ಮೂಲೆ ಬೆಚ್ಚಗಾಯಿತು. ಸರ್‌ಗೆ ಗೊತ್ತಿತ್ತು. ತನ್ನ ಸಹಿಯ ಚೀಟಿ ಅಂತ ಗೊತ್ತಾಗಿ, ತನ್ನನ್ನು ಉಳಿಸಲು, ತಮ್ಮ ಮಾತನ್ನೇ ಮುರಿದು ಆ ಬೆಂಚಿನ ಮೇಲೆ ಬಂದು ಕೂತಿದ್ದರು. ತಪ್ಪೇ, ದೊಡ್ಡ ತಪ್ಪೇ. ಆದರೆ ತನಗಾಗಿ. ಅಪ್ಪ ಕೂಡ ತನಗಾಗಿ ಅಷ್ಟು ಮಾಡಿರಲಿಲ್ಲ.

ಅವಳು ಚೀಟಿ ಬಿಡಿಸಿದಳು.

ಕೆಳಗೆ ಅವಳದೇ ಸಹಿ. ನಡುವೆ, ದೊಡ್ಡ ಅಕ್ಷರದಲ್ಲಿ, ಈ ಗುಳಿಗೆ ಕೊಡಬಹುದು, ದಿನಕ್ಕೆ ಒಂದು. ಬಾಜುವಿಗೆ ದುಂಡಗೆ ಒಬ್ಬ ಸೂರ್ಯ.

ಸೂರ್ಯನ ಹಣೆಯ ಮೇಲೆ ಮೂರು ಅಡ್ಡ ಗೆರೆ.

ಅವಳು ಬಹಳ ಹೊತ್ತು ಆ ಮೂರು ಗೆರೆಗಳನ್ನೇ ನೋಡಿದಳು. ಅಂಗಳದಲ್ಲಿ ಹೆಸರಿನ ಮೇಲೆ ಕೋಳಿ ಬಂದು ತಿರಕಪ್ಪ ಹುಶ್ ಹುಶ್ ಎನ್ನುತ್ತಿದ್ದ. ಆ ಗೆರೆ ಎಳೆಯುವಾಗ ಸೀಮೆಸುಣ್ಣ ಕಿರ್ ಎನ್ನುತ್ತಿದ್ದ ಸದ್ದು ಅವಳಿಗೆ ಕೇಳಿಸಿದಂತಾಯಿತು.

ಉಳಿಸಲು ಬಂದಿರಲಿಲ್ಲ ಅವರು. ತಮ್ಮ ಕೈಯ ಚೀಟಿಯನ್ನು ಸುಡಿಸಲು ಬಂದಿದ್ದರು. ಮಂಜುಳಾ ಸುಡಲಿಲ್ಲವೇನೋ ಎಂಬ ಅನುಮಾನ ಬಂದಾಗ, ಅದನ್ನು ಹುಡುಕಿ ತರಲು ಇವತ್ತು ತನ್ನನ್ನೇ ಕಳಿಸಿದ್ದರು. "ಮನ್ಯಾಗಿನ ಕಾಗದ ಒಂದೂ ಬಿಡಬ್ಯಾಡ ತಂಗಿ, ಸೀದಾ ನನ್ನ ಕೈಯಾಗ ತಂದ ಕೊಡು."

ಕೆಂಪು ಗುಳಿಗೆ ಹೊಕ್ಕ ಮೈಯಲ್ಲಿ ಬೇರೆ ಔಷಧ ಬಾಳುವುದಿಲ್ಲ ಎಂಬ ಪಾಠವನ್ನು ಮಾಡಿದವರೂ ಅವರೇ. ಅಂಥವರ ಕೈ ತಪ್ಪಿತೆಂದರೆ ಹೇಗೆ? ಗಡಿಬಿಡಿಯೇ? ಅಥವಾ—

ಆ ಮಾತನ್ನು ಮುಗಿಸುವಷ್ಟರಲ್ಲಿ ಇನ್ನೊಂದು ಹೊಳೆಯಿತು.

ಆಸ್ಪತ್ರೆ ಸೇರಿದಾಗಿನಿಂದ ಕೃಷ್ಣಾಳಿಗೆ ಕೆಂಪು ಗುಳಿಗೆ ಸಿಕ್ಕಿಲ್ಲ. ಅಲ್ಲಿ ಯಾರಿಗೂ ಗೊತ್ತೇ ಇಲ್ಲ. ಡಾಕ್ಟರ್ ಗೌರೀಶ ಮೊದಲ ದಿನವೇ ಕಿಡ್ನಿ ಔಷಧವನ್ನು ದುಪ್ಪಟ್ಟು ಮಾಡಿದ್ದರು. ನಿನ್ನೆ ರಕ್ತದಲ್ಲಿ ಔಷಧ ಏರಿತ್ತು. 'ನೋಡ್ರಿ, ತಾಯಿ ಕೈ ಬಿಡಿಸಿದ ಕೂಡಲೇ ಏರಿತು' ಎಂದು ಎಲ್ಲರೂ ತಲೆಯಾಡಿಸಿದ್ದರು. ಏರಿದ್ದು ಅದಕ್ಕಲ್ಲ. ಸುಡುವುದು ನಿಂತಿದ್ದಕ್ಕೆ. ಇನ್ನೂ ಏರುತ್ತದೆ. ದುಪ್ಪಟ್ಟು ಔಷಧ ಮೈಯಲ್ಲಿ ಉಳಿಯತೊಡಗಿದರೆ ಅದೇ ವಿಷವಾಗಿ ಅದೇ ಕಿಡ್ನಿಯನ್ನು ತಿನ್ನುತ್ತದೆ.

ಗಂಟೆ ನಾಲ್ಕೂವರೆ. ಸಂಜೆಯ ಔಷಧ ಆರಕ್ಕೆ.

ಡಾಕ್ಟರ ಫೋನು ಬಂದ್ ಆಗಿತ್ತು. ರೋಹಿಣಿ ವಾರ್ಡಿಗೆ ಹಚ್ಚಿದಳು. ಎತ್ತಿದವಳು ನರ್ಸ್ ಮೈಮುನಬಿ.

"ಮೈಮುನಕ್ಕಾ, ಕೃಷ್ಣಾಗ ಸಂಜೀಕ ಔಷಧ ಕೊಡಬ್ಯಾಡ. ಡಾಕ್ಟರ್ ಸಿಗೂತನಾ ಹಿಡಿ. ಡೋಸ್ ಭಾಳ ಆಗ್ತೈತಿ."

"ಯಾವ ಡೋಸ್? ದುಪ್ಪಟ್ಟೇನು? ಅದನ್ನ ಇಳಿಸಿ ಮೂರ ದಿನ ಆತಲ್ಲ ರೋಹಿಣಿ. ಮೊದಲಿನಷ್ಟ ಕೊಡಾಕತ್ತೇವಿ. ಹುಡಿಗಿ ಆರಾಮ ಅದಾಳ, ಈಗ ರೊಟ್ಟಿ ತಿಂದು ಅವ್ವನ್ನ ಕರೀರಿ ಅಂತ ಹಟಾ ಹಿಡದಾಳ."

ಮಗು ಉಳಿದಿತ್ತು. ರೋಹಿಣಿ ಕಣ್ಣು ಮುಚ್ಚಿ ಒಂದು ಉಸಿರು ಬಿಟ್ಟಳು. ಎರಡನೆಯ ಉಸಿರಿಗೆ ಪ್ರಶ್ನೆ ಬಂತು.

"ಇಳಿಸಿದ್ದ ಯಾರು?"

"ಈರಬಸಪ್ಪ ಸರ್ ಡಾಕ್ಟರಿಗೆ ಡೋಸ್ ಹೆಚ್ಚಾತಂತ ಅಷ್ಟ ಹೇಳಿ ಇಳಸಿದ್ರು. ಇದೇನ ಕೇಳ್ತಿ, ನೀನ ಹೇಳಿದ್ದಂತಲ್ಲ?"

"ನಾನಾ?"

"ಚಾರ್ಟಿನ್ಯಾಗ ಹಂಗ ಐತವಾ. ತಡಿ, ಓದ್ತೀನಿ." ಹಾಳೆ ತಿರುವುವ ಸದ್ದು. "'ಮಗುವಿಗೆ ಬೇರೆ ಔಷಧ ನಡೆದಿರುವ ಸಂಶಯ. ಫಾರ್ಮಸಿಸ್ಟ್ ರೋಹಿಣಿ ಫೋನಿನಲ್ಲಿ ತಿಳಿಸಿದಂತೆ.' ಕೆಳಗ ಸರ್ ಸಹಿ. ಮೂರ ದಿನದ ಹಿಂದಿನ ತಾರೀಖು."

ರೋಹಿಣಿ ಫೋನು ಮಾಡಿರಲಿಲ್ಲ, ಸಭೆಯಾದಾಗಿನಿಂದ ಆ ಚಾರ್ಟನ್ನು ಸರ್ ಅವಳ ಕೈಗೆ ಬಿಟ್ಟೇ ಇರಲಿಲ್ಲ. ಮೂರು ದಿನದ ಹಿಂದೆ ಅವಳಿಗೆ ಏನೂ ಗೊತ್ತಿರಲಿಲ್ಲ. ಆದರೆ ನಾಳೆ ಹನ್ನೊಂದಕ್ಕೆ ಆ ಚಾರ್ಟನ್ನು ಓದುವವರಿಗೆ ಹಾಗೆ ಕಾಣುವುದಿಲ್ಲ. ಚೀಟಿಯ ಮೇಲೆ ಅವಳ ಸಹಿ. ಚಾರ್ಟಿನಲ್ಲಿ ಅವಳ ಹೆಸರು. ಗೊತ್ತಿದ್ದೂ ಮೂರು ದಿನ ಬಾಯಿ ಮುಚ್ಚಿ, ತಾಯಿಯ ಮೇಲೆ ಹೊರೆ ಬೀಳಲು ಬಿಟ್ಟವಳು ಅವಳೇ ಎಂದಾಗುತ್ತದೆ.

ಮಗುವಿನ ಜೀವ ಹೋಗಲು ಸರ್ ಬಿಟ್ಟಿರಲಿಲ್ಲ. ಉಳಿದ ಇಬ್ಬರನ್ನು ಮಾತ್ರ ಬಿಟ್ಟುಕೊಟ್ಟಿದ್ದರು.

"ಸರ್ ಈಗ ಎಲ್ಲಿ ಅದಾರ, ಮೈಮುನಕ್ಕಾ?"

"ಎರಡಕ್ಕ ಹೋದ್ರು. ಅಣ್ಣಿಗೇರ್ಯಾಗ ಏನೋ ಕೆಲಸ ಐತಿ ಅಂದ್ರಪ."

ಫೋನು ಇಟ್ಟಾಗ ಮಂಜುಳಾ ಎದುರಿಗೇ ನಿಂತಿದ್ದಳು. ಅರ್ಧ ಮಾತು ಕೇಳಿಸಿಕೊಂಡಿದ್ದಳು, ಉಳಿದರ್ಧ ರೋಹಿಣಿಯ ಮುಖದಲ್ಲಿ ಓದಿಕೊಂಡಿದ್ದಳು.

"ನಿಮ್ಮ ಕೈಯಾಂದು ಅಲ್ಲೇನ್ರಿ ಅದು?"

"ಸಹಿ ನಂದು. ಬರದಾವ್ರು ಬ್ಯಾರೆ." ರೋಹಿಣಿ ಗೋಡೆಯ ಹಾಳೆಯ ಮುಂದೆ ಚೀಟಿ ಹಿಡಿದಳು. ಅಲ್ಲಿ ಅವಳ ಬರೀ ಹಣೆಯ ಸೂರ್ಯ, ಇಲ್ಲಿ ವಿಭೂತಿಯವನು. "ನೋಡು. ಆದ್ರ ಇದನ್ನ ತೋರಿಸಿದ್ರ ನನ್ನ ಸಹಿನೂ ತೋರಸ್ಬೇಕಾಗ್ತೈತಿ. ಖಾಲಿ ಚೀಟಿಗೆ ಸಹಿ ಹಾಕಿಟ್ಟಾಕಿ ನಾನ ಅಂತ ಹೇಳಬೇಕಾಗ್ತೈತಿ."

"ಹೇಳ್ತೀರೇನು?"

ರೋಹಿಣಿ ಉತ್ತರಕ್ಕೆ ಬಾಯಿ ತೆರೆದಳು. ಕೈಯಲ್ಲಿದ್ದ ಫೋನು ಗುಂಯ್‌ಗುಟ್ಟಿತು. ಪರದೆಯ ಮೇಲೆ ಹೆಸರು: ಈರಬಸಪ್ಪ ಸರ್.

ಮಂಜುಳಾ ಅವಳ ಮುಖವನ್ನೇ ನೋಡುತ್ತಿದ್ದಳು. ರೋಹಿಣಿ ಎತ್ತಿ, ಸ್ಪೀಕರ್ ಹಚ್ಚಿದಳು.

"ಏನ ತಂಗಿ, ಕಾಗದ ಎಲ್ಲಾ ಸಿಕ್ಕುವೇನು?" ಅದೇ ಧ್ವನಿ. ಕ್ಲಾಸಿನಲ್ಲಿ ತೂಕಡಿಸುವವರನ್ನು ಎಬ್ಬಿಸುತ್ತಿದ್ದ ಮೆತ್ತನೆಯ ಧ್ವನಿ.

"ಚೀಲ ಒಂದ ಕೊಟ್ಟಾರ್ರಿ ಸರ್. ನಮ್ಮ ಚೀಟಿನ ಅದಾವು. ಬ್ಯಾರೆ ಏನೂ ಸಿಗಲಿಲ್ರಿ."

ಏಳು ವರ್ಷದಲ್ಲಿ ಅವಳು ಅವರಿಗೆ ಹೇಳಿದ ಮೊದಲ ಸುಳ್ಳು. ಕಿವಿಯ ತುದಿ ಸುಟ್ಟಿತು.

ಆ ಕಡೆ ಗಾಡಿಯ ಬಾಗಿಲು ಹಾಕಿದ ಸದ್ದು.

"ಇರ್ಲಿ ಬಿಡವಾ. ನೀ ಒಬ್ಬಾಕಿನ ಹುಡುಕಿದ್ರ ಹೆಂಗ ಸಿಗ್ತೈತಿ?" ಎಂದರು ಸರ್. "ನಾ ಮೊರಬದ ಬಸ್‌ಸ್ಟ್ಯಾಂಡಿನ್ಯಾಗ ಅದೀನಿ. ಅಂಗಳದಾಗ ಹೆಸರ ಹರವ್ಯಾರಂತಲ್ಲ, ಅದ ಮನಿ ಹೌದಲ್ಲೋ? ಐದ ಮಿನಿಟ್ ತಡಿ. ಇಬ್ಬರೂ ಕೂಡಿ ಹುಡಕೂಣು."